ರಿಪೇರಿ ಬೋರ್ಡು ಇಳಿಸಿದ ಶುಕ್ರವಾರ

1972ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೆಯ ತರಗತಿಯಲ್ಲಿ ಫೇಲಾಗಿದ್ದೆ. ಇನ್ನೊಂದು ವರ್ಷ ಕೂತುಕೋ ಎಂದರು ಅಪ್ಪ. ನನಗಿಂತ ಚಿಕ್ಕವರ ಜೊತೆ ಅದೇ ಬೆಂಚಿನಲ್ಲಿ ಕೂರುವುದಕ್ಕಿಂತ ಮೂಟೆ ಹೊರುವುದು ಮೇಲು ಎಂದೆ. ಮಾತಿಗೆ ತಪ್ಪಲಿಲ್ಲ, ರಾಯಕೋಟೆಯ ಒಂದು ಹಿಟ್ಟಿನ ಮಿಲ್ಲಿಗೆ ಹೋಗಿ ಹತ್ತು ವರ್ಷ ಮೂಟೆ ಹೊತ್ತೆ. ಮುದುಕ ಓನರಿಗೆ ಕಣ್ಣು ಮಂಜಾದಾಗ ಆ ಮಿಲ್ಲನ್ನು ನಾನೇ ತೆಗೆದುಕೊಂಡೆ. ಯಾರ ಕೈಕಾಲೂ ಹಿಡಿಯಲಿಲ್ಲ.

ನಮ್ಮ ಸೀಮೆ ತಮಿಳುನಾಡಿಗೆ ಸೇರಿದ್ದು, ಶಾಲೆಯಲ್ಲಿ ಕಲಿತದ್ದು ತಮಿಳು ಅಕ್ಷರ. ಕನ್ನಡ ಅಕ್ಷರ ಕಲಿತದ್ದು ಬೆಲ್ಲ, ಕಡಲೆ ಕಟ್ಟಿ ಕೊಡುತ್ತಿದ್ದ ಹಳೇ ಪೇಪರಿನಲ್ಲಿ. ಎರಡೂ ಕೆಲಸಕ್ಕೆ ಬಂದವು. ನಮ್ಮ ಕಡೆ ಮಿಲ್ಲು ಕೆಟ್ಟರೆ ಬಾಗಿಲು ಎಳೆದುಕೊಂಡು ಹೋಗಿಬಿಡುತ್ತಿದ್ದರು. ಮೂರು ಮೈಲಿ ತಲೆಯ ಮೇಲೆ ರಾಗಿ ಹೊತ್ತುಕೊಂಡು ಬಂದ ಹೆಂಗಸು ಮುಚ್ಚಿದ ಬಾಗಿಲು ನೋಡಿ, ಓನರು ಸತ್ತನೋ ಊರು ಬಿಟ್ಟನೋ ಗೊತ್ತಾಗದೆ ಶಾಪ ಹಾಕಿಕೊಂಡು ವಾಪಸ್ಸು ಹೋಗಬೇಕು. ನಾನು ಹಾಗೆ ಮಾಡಲಿಲ್ಲ. ತಗಡಿನ ಬೋರ್ಡು ಮಾಡಿಸಿದೆ. ಮೇಲೆ ತಮಿಳಿನಲ್ಲಿ, ಕೆಳಗೆ ಕನ್ನಡದಲ್ಲಿ, 'ರಿಪೇರಿ ನಡೆಯುತ್ತಿದೆ' ಎಂದು ನನ್ನ ಕೈಯಾರೆ ಬಣ್ಣದಲ್ಲಿ ಬರೆದೆ. ಮತ್ತೆ ಯಾವ ದಿನ ಮಿಲ್ಲು ಓಡುತ್ತದೆ ಎಂಬುದನ್ನು ಮಾತ್ರ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಓದು ಬಾರದವರಿಗೆ ಓದಿ ಹೇಳುವವರು ಪಕ್ಕದ ಟೀ ಅಂಗಡಿಯಲ್ಲಿ ಯಾವಾಗಲೂ ಇರುತ್ತಿದ್ದರು. ಬಾಗಿಲ ಹೊರಗೆ ಜಗಲಿಯ ಮೇಲೆ ಚೀಲ ಇಟ್ಟು ಹೋಗಬಹುದು. ಇಟ್ಟ ಸಾಲಿನಂತೆಯೇ ಬೀಸಿ ಕೊಡುತ್ತಿದ್ದೆ. ಮುಚ್ಚಿದ್ದರೂ ಮಿಲ್ಲು ಸತ್ತಿಲ್ಲ ಎಂದು ಜನಕ್ಕೆ ಗೊತ್ತಿರಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ.

ರಿಪೇರಿ ಎಂದರೆ ಬಹಳ ಸಲ ಕಲ್ಲಿನದೇ ಕೆಲಸ. ಬೀಸಿ ಬೀಸಿ ಕಲ್ಲು ನುಣ್ಣಗಾದರೆ ಹಿಟ್ಟು ತರಿಯಾಗುತ್ತದೆ, ಬಿಸಿಯೇರಿ ಕಮಟುತ್ತದೆ. ಆಗ ಮೊದಲು ಮೂರು ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಫ್ಯೂಸು ನನ್ನ ಜೇಬಿನಲ್ಲಿದ್ದರೆ ಯಾವ ಬುದ್ಧಿಗೇಡಿ ಸ್ವಿಚ್ಚು ಒತ್ತಿದರೂ ನನ್ನ ಕೈ ಉಳಿಯುತ್ತದೆ. ಆಮೇಲೆ ಬೆಲ್ಟು ಕಳಚಿ, ಕಲ್ಲು ಬಿಚ್ಚಿ ಮಲಗಿಸಿ, ಉಳಿ ಸುತ್ತಿಗೆ ಹಿಡಿದು ಮೈಯೆಲ್ಲ ಕುಟ್ಟಿ ಒರಟು ಮಾಡುತ್ತಿದ್ದೆ.

ಕುಟ್ಟಿದ ಕಲ್ಲನ್ನು ನೀರು ಹಾಕಿ ಉಜ್ಜಿದರೂ ಪುಡಿ ಪೂರ್ತಿ ಹೋಗುವುದಿಲ್ಲ. ಅದಕ್ಕೆ ಮಿಲ್ಲಿನವರಲ್ಲಿ ಒಂದು ನೇಮ ಇದೆ. ಮೊದಲು ಎರಡು ಮೊರ ಜೊಳ್ಳು ರಾಗಿ ಬೀಸಿ ತಿಪ್ಪೆಗೆ ಸುರಿಯಬೇಕು. ಆಮೇಲೆ ಮಿಲ್ಲಿನವನ ಮನೆಯ ರಾಗಿ ಒಂದು ಪಡಿ ಬೀಸಿ, ಅದರ ರೊಟ್ಟಿ ತಟ್ಟಿ, ಮಿಲ್ಲಿನವನೇ ಅಗಿದು ನೋಡಬೇಕು. ಮುದ್ದೆ ಮಾಡಿದರೆ ಗೊತ್ತಾಗುವುದಿಲ್ಲ, ಮುದ್ದೆಯನ್ನು ನಾವು ನುಂಗುತ್ತೇವೆ, ಅದಕ್ಕೆ ಹಲ್ಲು ತಾಗುವುದೇ ಇಲ್ಲ. ರೊಟ್ಟಿ ಕರಕರ ಎನ್ನದಿದ್ದರೆ ಮಾತ್ರ ಬೋರ್ಡು ಇಳಿಸಬೇಕು. ಬೋರ್ಡು ಇಳಿದಿದೆ ಎಂದರೆ ಮಿಲ್ಲಿನವನು ತಿಂದು ನೋಡಿದ್ದಾನೆ ಎಂದು ಊರು ನಂಬುತ್ತಿತ್ತು. ಎರಡು ವರ್ಷ ಈ ನಂಬಿಕೆಯನ್ನು ನಾನು ಒಂದು ಸಲವೂ ಕೆಡಿಸಲಿಲ್ಲ.

ಬಸ್‌ಸ್ಟ್ಯಾಂಡಿನ ಪಕ್ಕ ಸೋಗೆ ಮಾಡಿನ ಒಂದು ಹೋಟೆಲಿತ್ತು. ನಡೆಸುತ್ತಿದ್ದವಳು ಅಂಚೆಟ್ಟಿ ಕಡೆಯ ಹೆಂಗಸು, ಗಂಡ ಸತ್ತಿದ್ದ. ನನಗಿಂತ ಹದಿನೈದು ವರ್ಷ ದೊಡ್ಡವಳು, ಎಲ್ಲರಿಗೂ ಅಕ್ಕ. ಮಧ್ಯಾಹ್ನ ಮುದ್ದೆ, ಹುರುಳಿ ಸಾರು. ಸಂಜೆ ರಾಗಿ ರೊಟ್ಟಿ. ಬೇರೆ ಏನೂ ಇಲ್ಲ. ಹೊಸೂರಿಗೂ ಕೃಷ್ಣಗಿರಿಗೂ ಹೋಗುವ ಲಾರಿಯವರು, ಬಸ್ಸಿನವರು ಇವಳ ಮುದ್ದೆಗಾಗಿಯೇ ಗಾಡಿ ನಿಲ್ಲಿಸುತ್ತಿದ್ದರು. ಅವಳಿಗೆ ಹೊಲವಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಆ ಮುದ್ದೆಯ ಹೆಸರೊಂದೇ ಅವಳ ಬದುಕು. ಅದು ಕೆಟ್ಟರೆ ಗಿರಾಕಿ ಹಿಡಿಯಲು ಪಕ್ಕದಲ್ಲೇ ಇನ್ನೆರಡು ಹೋಟೆಲಿನವರು ಕಾಯುತ್ತಿದ್ದರು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

1984ರಲ್ಲಿ ಒಂದು ಸೋಮವಾರ ಮಿಲ್ಲು ಮುಚ್ಚಿ ಬೋರ್ಡು ಹಾಕಿದೆ. ಬುಧವಾರ ಓಡುತ್ತದೆ ಎಂದು ಬರೆದೆ. ಕಲ್ಲು ಬಿಚ್ಚಿದಾಗ ಶಾಫ್ಟಿನ ಬೇರಿಂಗೂ ಹೋಗಿರುವುದು ಕಂಡಿತು. ಹೊಸೂರಿನಲ್ಲಿ ಆ ಅಳತೆಯದು ಸಿಗಲಿಲ್ಲ, ಬೆಂಗಳೂರಿಗೆ ಹೋಗಬೇಕಾಯಿತು. ಬುಧವಾರ ಅಳಿಸಿ ಶುಕ್ರವಾರ ಎಂದು ಬರೆದೆ. ಜಗಲಿಯ ಮೇಲೆ ಅಷ್ಟರಲ್ಲಿ ಹನ್ನೊಂದು ಚೀಲ ಸಾಲಾಗಿ ಕೂತಿದ್ದವು. ಮೊದಲನೆಯದು ಹೋಟೆಲಿನ ಅಕ್ಕನದು.

ಬುಧವಾರ ಮಧ್ಯಾಹ್ನ ಅವಳು ಬಂದಳು. ನಾನು ಗ್ರೀಸು ಮೆತ್ತಿದ ಕೈಯಲ್ಲಿ ಹೊರಗೆ ಬಂದೆ. ಟೀ ಅಂಗಡಿಯ ಬೆಂಚು ತುಂಬಿತ್ತು.

"ಏನ್ಲಾ, ಓಡ್ತದಾ?"

"ಬೋರ್ಡ್‌ನಾಗೆ ಬರ್ದಿದ್ದೀನಲ್ಲಕ್ಕ. ಶುಕ್ರವಾರ."

"ಮೊನ್ನೆ ಬುಧವಾರ ಅಂತಿದ್ದೆ."

"ಬೇರಿಂಗ್ ಹೋಗ್ಬುಟ್ಟದೆ. ನಾನೇನ್ ಮಾಡ್ಲಿ?"

"ನನ್ ಡಬ್ಬ ತಳ ಕಾಣ್ತಾ ಅದೆ ಕಣ್ಲಾ. ನಾಳೀಕೆ ಲಾರಿಯೋರು ಬಂದು ತಟ್ಟೆ ಮುಂದೆ ಕೂತ್ಕಂತಾರೆ. ನಿನ್ ಬೋರ್ಡ್‌ನ ಬೇಯ್ಸಿ ಹಾಕ್ಲಾ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಒಬ್ಬ ಕುಡಿಯುತ್ತಿದ್ದ ಟೀ ಉಗುಳಿಕೊಂಡ. "ಸಾರಿಗೆ ಸೀಮೆಸುಣ್ಣ ಕದಡ್ಬುಡಕ್ಕಾ!" ಎಂದ ಇನ್ನೊಬ್ಬ. ಅವಳೂ ನಕ್ಕಳು. ನಗುತ್ತಲೇ ಸಾಲಿನ ಮೊದಲನೇ ಚೀಲ ಎತ್ತಿ ತಲೆಗಿಟ್ಟುಕೊಂಡು, ಕೃಷ್ಣಗಿರಿ ರಸ್ತೆಯಲ್ಲಿದ್ದ ಇನ್ನೊಂದು ಮಿಲ್ಲಿನ ಕಡೆ ಹೊರಟಳು. ಅವಳು ಹೋದದ್ದು ನೋಡಿ ಸಂಜೆಯೊಳಗೆ ಇನ್ನೂ ಎಂಟು ಚೀಲ ಹೋದವು. ಎರಡು ಉಳಿದವು. ಒಂದು ಕಿವುಡನದು, ಇನ್ನೊಂದು ನನ್ನ ಚಿಕ್ಕಮ್ಮನದು.

ಅವಳು ಮಾಡಿದ್ದರಲ್ಲಿ ತಪ್ಪಿಲ್ಲ. ದಿನಾ ಬೇಯಿಸುವವಳು ಎಲ್ಲಿ ಕಾಯುತ್ತಾಳೆ? ಅವಳ ಜಾಗದಲ್ಲಿದ್ದರೆ ನಾನೂ ಹೋಗುತ್ತಿದ್ದೆ. ಆದರೆ ಆ ಬೋರ್ಡು ನನ್ನದು. ಎಂಟನೇ ಕ್ಲಾಸು ದಾಟದವನು ಎರಡು ಭಾಷೆಯಲ್ಲಿ ಬರೆದ ಬೋರ್ಡು. ಅದನ್ನು ನೋಡಿ ಬೆಂಚಿನವರು ನಕ್ಕದ್ದು ಎರಡು ದಿನ ನನ್ನ ಕಿವಿಯಲ್ಲೇ ಇತ್ತು. ಬೇರಿಂಗು ಕೂರಿಸುವಾಗ ಎರಡು ಸಲ ಹೆಬ್ಬೆರಳು ಜಜ್ಜಿಕೊಂಡೆ.

ಶುಕ್ರವಾರ ಬೆಳಿಗ್ಗೆ ಕಲ್ಲು ಜೋಡಿಸಿ, ಬೆಲ್ಟು ಹಾಕಿ, ಫ್ಯೂಸು ಕೂರಿಸಿದೆ. ಜೊಳ್ಳು ರಾಗಿಯ ಮೊರ ಕೈಗೆತ್ತಿಕೊಳ್ಳಬೇಕು, ಅಷ್ಟರಲ್ಲಿ ಅವಳು ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಅರ್ಧ ಮೂಟೆ ರಾಗಿ.

"ಆ ಮಿಲ್ಲಿನ್ ಹಿಟ್ಟು ಕಮಟು ವಾಸ್ನೆ ಕಣ್ಲಾ. ಲಾರಿಯೋರು ಮೂಗ್ ಮುರೀತಾರೆ. ನಿನ್ ಹಿಟ್ಟೇ ಹಿಟ್ಟು, ಹೋಗು."

ನಾನು ಅವಳ ತಲೆಯ ಮೇಲಿನ ಮೂಟೆ ಇಳಿಸಿಕೊಂಡೆ.

"ಮೊದ್ಲಿನ್ ಹಿಟ್ಟು ತೆಗ್ದಾಯ್ತಾ?"

"ಆಗ್ಲೇ ಆಯ್ತಲ್ಲಕ್ಕ. ರೊಟ್ಟೀನೂ ತಿಂದೆ."

ಮಾತು ಬಾಯಿಂದ ಹೋಗಿಬಿಟ್ಟಿತ್ತು. ಹೊರಗೆ ಹೋಗಿ ಅವಳ ಕಣ್ಣೆದುರಿಗೇ ಬೋರ್ಡು ಇಳಿಸಿದೆ. ಅವಳ ಚೀಲದ ಬಾಯಿ ಬಿಚ್ಚಿ ಸುರಿದೆ. ಅವಳು ಗೋಡೆಗೊರಗಿ ಕೂತು, ಬೇರಿಂಗು ಎಷ್ಟಾಯ್ತು, ಬೆಂಗಳೂರಿನಲ್ಲಿ ಊಟ ಎಲ್ಲಿ ಮಾಡಿದೆ ಎಂದು ಕೇಳುತ್ತಿದ್ದಳು. ಹಿಟ್ಟು ಬೆಚ್ಚಗೆ ಚೀಲಕ್ಕೆ ಬೀಳುತ್ತಿತ್ತು. ಮೊದಲು ಬಿದ್ದದ್ದು ತಳಕ್ಕೆ ಹೋಯಿತು, ಶುದ್ಧವಾದದ್ದು ಮೇಲೆ ಬಂತು. ಅವಳು ಮೇಲಿನ ಹಿಟ್ಟನ್ನು ಚಿಟಿಕೆ ತೆಗೆದು ನಾಲಿಗೆಗಿಟ್ಟು, ತಲೆಯಾಡಿಸಿ, ಹೊತ್ತುಕೊಂಡು ಹೋದಳು.

ಅವಳು ಹೋದ ಮೇಲೆ ಜೊಳ್ಳು ಹಾಕಿ ಬೀಸಿದೆ, ತಿಪ್ಪೆಗೆ ಸುರಿದೆ. ಒಂದು ಪಡಿ ರಾಗಿ ಬೀಸಿ ಮನೆಗೆ ಕಳಿಸಿ, ರೊಟ್ಟಿ ತರಿಸಿ ಅಗಿದು ನೋಡಿದೆ. ಆಮೇಲೆಯೇ ಕಿವುಡನ ಚೀಲ ಮುಟ್ಟಿದೆ. ಉಳಿದವರಿಗೆಲ್ಲ ನೇಮ ಸರಿಯಾಗಿಯೇ ನಡೆಸಿದೆ.

ಆ ಸುಳ್ಳು ಬಾಯಿ ತಪ್ಪಿ ಬಂದದ್ದು ಎಂದು ಹೇಳಿಕೊಳ್ಳಬಹುದಿತ್ತು. ಮಧ್ಯಾಹ್ನ ಮಾಡಿದ್ದು ಬಾಯಿ ತಪ್ಪಿ ಮಾಡಿದ್ದಲ್ಲ. ಅವಳ ಹೋಟೆಲಿಗೆ ಹೋಗಿ, ಲಾರಿಯವರ ಮಧ್ಯೆ ಕೂತು, ಮುದ್ದೆ ಹಾಕಿಸಿಕೊಂಡೆ. ಅವಳು ಚೀಲದಿಂದ ಮೊಗೆದು ಮೊಗೆದು ಹಿಟ್ಟು ತೆಗೆಯುವವಳು, ಡಬ್ಬಕ್ಕೆ ಸುರಿದುಕೊಳ್ಳುವುದು ತಳ ಬಂದಾಗ ಮಾತ್ರ. ಇವತ್ತು ಮೇಲಿನ ಹಿಟ್ಟು ಎಂದು ನನಗೆ ಗೊತ್ತಿತ್ತು. ಎರಡು ಮುದ್ದೆ ನುಂಗಿದೆ. "ನಮ್ ಕಲ್ಲಿನ್ ಹಿಟ್ಟು ಹೆಂಗದೆ ನೋಡ್ರಪ್ಪಾ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅವಳು ಖುಷಿಯಾಗಿ ಇನ್ನೊಂದು ಸೌಟು ಸಾರು ಹಾಕಿದಳು.

ಮಾರನೆಯ ದಿನ ಸಂಜೆ ತಳದ ಹಿಟ್ಟಿನಲ್ಲಿ ಅವಳು ರೊಟ್ಟಿ ತಟ್ಟಿದಳು. ಸೇಲಂ ಕಡೆಯ ಒಬ್ಬ ಡ್ರೈವರು ಮೊದಲ ತುತ್ತು ಕಡಿದವನು ತಟ್ಟೆಗೇ ಉಗುಳಿದನಂತೆ. "ಎನ್ನಕ್ಕಾ, ಮಣ್ಣಾ ಪೋಟ್ಟೆ?" ಮಣ್ಣು ಹಾಕಿದ್ದೀಯಾ ಎಂದು ತಮಿಳಿನಲ್ಲಿ ಕೂಗಿದನಂತೆ. ಪಕ್ಕದವನೂ ಉಗುಳಿದ. ಆ ಮಧ್ಯಾಹ್ನ ಮುದ್ದೆ ನುಂಗಿ ಹೋಗಿದ್ದವರಿಗೆ ಸುದ್ದಿ ಮುಟ್ಟಿದ ಮೇಲೆ ಹೊಟ್ಟೆ ನೋವು ಶುರುವಾಯಿತು.

ಭಾನುವಾರ ಬೆಳಿಗ್ಗೆ ಅವಳು ಒಂದು ಹಿತ್ತಾಳೆ ತಟ್ಟೆ ಹಿಡಿದುಕೊಂಡು ಮಿಲ್ಲಿಗೆ ಬಂದಳು. ಹಿಟ್ಟನ್ನು ನೀರಿನಲ್ಲಿ ಕದಡಿ, ಮೇಲಿನದು ಬಸಿದು, ತಳದಲ್ಲಿ ಉಳಿದದ್ದನ್ನು ನನ್ನ ಮುಂದೆ ಹಿಡಿದಳು. ಬೂದು ಬಣ್ಣದ ಪುಡಿ. ನನ್ನ ಕಲ್ಲಿನ ಬಣ್ಣ. ಚೀಲ ಹಿಡಿದು ನಿಂತ ಹೆಂಗಸರು ಏಳೆಂಟು ಮಂದಿ ಇದ್ದರು. ಬೆಂಚೂ ತುಂಬಿತ್ತು.

"ಇದೇನ್ಲಾ?"

"ನನ್ ಕೇಳಿದ್ರೆ? ಆ ಮಿಲ್ಲಿನ್ ಹಿಟ್ಟು ನಿನ್ ಮನೇಲಿ ಇತ್ತಲ್ಲ. ಎರಡೂ ಬೆರ್ಸಿರ್ತೀಯ."

"ಬೆರ್ಸಿಲ್ಲ. ಅದು ಬುಧವಾರದ್ದು, ತೀರೋಯ್ತು. ಇದು ನಿಂದೇ."

"ನಂದಾ? ಶುಕ್ರವಾರ ಎಲ್ಲಾರ್ ಮುಂದೆ ಕೂತ್ಕಂಡು ನಾನೇ ಎರಡು ಮುದ್ದೆ ನುಂಗಿಲ್ವಾ? ನನ್ ಕಲ್ಲು ಪುಡಿ ಬಿಟ್ಟಿದ್ರೆ ನಾನು ತಿಂತಿದ್ನಾ?"

ಬೆಂಚಿನಿಂದ ಒಬ್ಬ "ಹೌದು, ನಾನೂ ಇದ್ದೆ, ತಿಂದ" ಎಂದ. ಬುಧವಾರ ಟೀ ಉಗುಳಿಕೊಂಡು ನಕ್ಕವನೇ ಅವನು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ವರ್ಷ ನನ್ನ ಬೋರ್ಡು ಒಂದು ಸಲವೂ ಸುಳ್ಳು ಹೇಳಿರಲಿಲ್ಲ. ಆ ಹೆಸರು ಅವತ್ತು ನನ್ನ ಕಡೆ ನಿಂತಿತು.

ನನಗೆ ಅಷ್ಟಕ್ಕೆ ಸಾಕಾಗಲಿಲ್ಲ. "ಬೇಕಾದ್ರೆ ನನ್ ಬೋರ್ಡ್ ತಕ್ಕೊಂಡು ಹೋಗಕ್ಕ. ಬೇಯ್ಸಾಕು. ಅದ್ರಾಗೆ ಕಲ್ಲಿಲ್ಲ" ಎಂದೆ.

ಬೆಂಚು ನಕ್ಕಿತು. ಈ ಸಲ ಅವಳು ನಗಲಿಲ್ಲ. ತಟ್ಟೆಯ ನೀರು ಅವಳ ಸೀರೆಯ ಮೇಲೆ ಚೆಲ್ಲುತ್ತಿತ್ತು.

"ನಾನು ಕೇಳಿದ್ನಲ್ಲಾ" ಎಂದಳು. "ಬಾಗ್ಲಾಗೆ ನಿಂತ್ಕಂಡು ಕೇಳಿದ್ನಲ್ಲ ನಿನ್ನ."

ಅವಳು ಕೇಳಿದ್ದು ನನ್ನೊಬ್ಬನಿಗೇ ಗೊತ್ತಿತ್ತು. ನಾನು ಒಳಗೆ ಹೋಗಿ ಸ್ವಿಚ್ಚು ಹಾಕಿದೆ. ಮಿಲ್ಲು ಓಡುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ.

ಲಾರಿಯವರು ಒಂದು ವಾರದೊಳಗೆ ಪಕ್ಕದ ಹೋಟೆಲಿಗೆ ತಿರುಗಿಕೊಂಡರು. ಅವಳು ತಾನೇ ಹೊರಗೆ ನಿಂತು, ಎಲ್ಲರೆದುರು ರೊಟ್ಟಿ ಅಗಿದು ತೋರಿಸಿ ಕರೆದಳು. ಹಾಗೆ ಕರೆದದ್ದೇ ತಪ್ಪಾಯಿತು. ಮರೆತವರಿಗೂ ನೆನಪಾಯಿತು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸೋಗೆ ಮಾಡಿನ ಕೆಳಗೆ ಒಲೆಯ ಕಲ್ಲು ಮಾತ್ರ ಇದ್ದವು. ಕೃಷ್ಣಗಿರಿ ರಸ್ತೆಯ ಮಿಲ್ಲಿಗೂ ಏಟು ಬಿತ್ತು. ಕಲ್ಲುಪುಡಿ ಅವನ ಹಿಟ್ಟಿನದು ಎಂದು ನಾನು ಹೇಳಿದ ಮಾತು ಊರೆಲ್ಲ ಸುತ್ತಿತ್ತು. ಅವನು ಸಾಧು ಮನುಷ್ಯ, ಜಗಳಕ್ಕೆ ಬರಲಿಲ್ಲ. ಎರಡು ವರ್ಷ ಒದ್ದಾಡಿ ಮಿಲ್ಲನ್ನು ನನಗೇ ಕೊಟ್ಟು ಮಗಳ ಊರಿಗೆ ಹೋದ.

ಅದಾದ ಮೇಲೆ ಒಂದು ಸಲ ಬೆಲ್ಟು ತರಲು ಹೊಸೂರಿಗೆ ಹೋಗಿದ್ದೆ. ಬಾಗಲೂರು ರಸ್ತೆಯಲ್ಲಿ ಫ್ಯಾಕ್ಟರಿ ಕೆಲಸದವರು ಉಣ್ಣುವ ಒಂದು ಹೋಟೆಲಿಗೆ ನುಗ್ಗಿದೆ. ಕೈ ತೊಳೆಯಲು ಹಿಂದಕ್ಕೆ ಹೋದಾಗ ಅವಳು ಕುಕ್ಕರಗಾಲಲ್ಲಿ ಕೂತು ತಟ್ಟೆ ಉಜ್ಜುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ತಲೆಯೆತ್ತಿ ನನ್ನನ್ನು ನೋಡಿದಳು.

"ಮಿಲ್ಲು ಓಡ್ತಾ ಅದಾ?"

"ಓಡ್ತದಕ್ಕ."

"ಓಡ್ಲಿ" ಎಂದು ಇನ್ನೊಂದು ತಟ್ಟೆ ತೆಗೆದುಕೊಂಡಳು.

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಮತ್ತೆ ಸಿಗಲಿಲ್ಲ. ಕೈ ತೊಳೆದುಕೊಂಡು ಹೋಗಿ ಕೂತು, ತಟ್ಟೆಗೆ ಹಾಕಿದ್ದೆಲ್ಲ ಉಂಡು ಬಂದೆ. ಹಸಿವಾಗಿತ್ತು.

ಈಗ ನನಗೆ ಎರಡು ಮಿಲ್ಲು, ಮೂರು ಜೊತೆ ಕಲ್ಲು, ಎರಡು ಮೋಟಾರು. ಹೆಂಚಿನ ಮನೆ ಒಂದು. ಹೆಂಡತಿ, ಗಂಡು ಒಂದು, ಹೆಣ್ಣು ಒಂದು, ಕರೆಯುವ ಎಮ್ಮೆ ಒಂದು. ಬಸ್‌ಸ್ಟ್ಯಾಂಡಿನಲ್ಲಿ ಹೋಟೆಲು ಎರಡು, ಎರಡರ ರಾಗಿಯೂ ನನ್ನಲ್ಲೇ.