ಹಳದಿ ಗೆರೆ ಬಳಿದ ಕಾರ್ಖಾನೆ

ಹುಮನಾಬಾದಿನ ಹೊರವಲಯದ ಒಂದು ಮಸಾಲೆ ಕಾರ್ಖಾನೆಗೆ ನಾನು ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹೋಗುತ್ತೇನೆ. ಅಲ್ಲಿ ಖಾರದ ಪುಡಿ, ಅರಿಶಿನ, ಧನಿಯಾ ಬೀಸಿ ಪಾಕೀಟು ಮಾಡುತ್ತಾರೆ. ಪಾಕೀಟು ತುಂಬುವವರೆಲ್ಲ ಹೆಂಗಸರು, ಅವರ ಮೇಲ್ವಿಚಾರಣೆ ನನ್ನದು. ಕಾರ್ಖಾನೆ ಸುಧಾರಣೆ ಎಂಬ ಮಾತು ಕೇಳಿದರೆ ಈಗಲೂ ನನಗೆ ವಾಕರಿಕೆ ಬರುತ್ತದೆ.

ಹೈದರಾಬಾದಿನ ದೊಡ್ಡ ವ್ಯಾಪಾರಿಯೊಬ್ಬರು ನಮ್ಮ ಮಾಲು ಕೊಳ್ಳುವ ಮೊದಲು ಕಾರ್ಖಾನೆ ನೋಡಬೇಕೆಂದರು. ಅದಕ್ಕಾಗಿ ನಮ್ಮ ಮಾಲೀಕರು ಕಲಬುರಗಿಯಿಂದ ಒಬ್ಬ ತರಬೇತುದಾರನನ್ನು ಕರೆಸಿದರು. ಆತ ಹೇಳಿಕೊಟ್ಟದ್ದೇನೂ ತಪ್ಪಲ್ಲ. ಬೇಡದ ಸಾಮಾನು ಹೊರಗೆ ಹಾಕಿ, ಬೇಕಾದ್ದಕ್ಕೆ ಒಂದು ಜಾಗ ಗೊತ್ತು ಮಾಡಿ, ಸುಮ್ಮನೆ ಓಡಾಡುವುದನ್ನು ತಪ್ಪಿಸಿ ಎಂದ. ಬೀಸುವ ಯಂತ್ರದ ಪಕ್ಕಕ್ಕೇ ನಮ್ಮ ಮೇಜು ತರಿಸಿದ. ಚೀಲ ಹೊತ್ತು ಹೊತ್ತು ನೋಯುತ್ತಿದ್ದ ಸೊಂಟಗಳಿಗೆ ಆರಾಮಾಯಿತು. ಅಷ್ಟನ್ನು ಒಪ್ಪಲೇಬೇಕು.

ತೊಡಕು ಬಂದದ್ದು ಬೇಡದ ಸಾಮಾನಿನಿಂದ. ಮುರಿದ ತಕ್ಕಡಿ, ತುಕ್ಕು ಹಿಡಿದ ಜರಡಿ, ಮಳೆಗೆ ನೆನೆದು ಬೂಸ್ಟು ಹಿಡಿದ ಮೆಣಸಿನಕಾಯಿ ಚೀಲ, ಎಲ್ಲದಕ್ಕೂ ತರಬೇತುದಾರ ಹೊರಗೆ ಹಾಕಬೇಕಾದ್ದೆಂದು ಕೆಂಪು ಚೀಟಿ ಅಂಟಿಸಿ ಹೋದ. ಮರುದಿನ ನಾವು ಬರುವಷ್ಟರಲ್ಲಿ ಅವೆಲ್ಲ ಮಾಯ. ನೆಲ ತೊಳೆದು, ಸಾಮಾನಿಡುವ ಜಾಗ ತೋರಿಸಲು ಹಳದಿ ಗೆರೆ ಬಳಿದಿದ್ದರು. ಮಾಲೀಕರು ಮೊಬೈಲಿನಲ್ಲಿ ಫೋಟೊ ತೆಗೆಯುತ್ತ ತಿರುಗುತ್ತಿದ್ದರು. ಅದೇ ದಿನ ಹೆಂಗಸರ ಸಂಡಾಸಿಗೆ ಬೀಗ ಬಿತ್ತು.

“ರಿಪೇರಿ ಅದ,” ಎಂದರು ಮಾಲೀಕರು.

ಹಿಂದಿನ ತೊಗರಿ ಹೊಲವೇ ನಮಗೆ ಗತಿಯಾಯಿತು. ತೊಗರಿ ಕೊಯ್ದ ಮೇಲೆ ಆ ಮರೆಯೂ ಹೋಯಿತು. ಆಗ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಖಾರದ ಧೂಳಿನಲ್ಲಿ ಗಂಟಲು ಒಣಗಿಸಿಕೊಂಡು ಸಂಜೆಯ ಬಸ್ಸಿಗೆ ಕಾಯುವುದು. ನನಗೆ ಉರಿಮೂತ್ರ ಶುರುವಾಗಿ ಗುಳಿಗೆ ನುಂಗಬೇಕಾಯಿತು.

ತರಬೇತುದಾರ ಮತ್ತೆ ಬಂದಾಗ ನಮ್ಮನ್ನೆಲ್ಲ ಕೂರಿಸಿ, ಏನಾದರೂ ತೊಂದರೆ ಇದೆಯೇ ಎಂದು ಕೇಳಿದ. ದುಬಲಗುಂಡಿಯಿಂದ ಬರುವ, ನಮಗೆಲ್ಲ ಹಿರಿಯಳಾದ ಅಕ್ಕ ಎದ್ದು ನಿಂತಳು.

“ಸರ, ನಮ್ಮ ಸಂಡಾಸಿಗಿ ಬೀಗ ಬಿದ್ದದ. ಚಾವಿ ಎಲ್ಲದ ಅಂತ ಯಾರೂ ಹೇಳಾಕತ್ತಿಲ್ರಿ.”

ಮಾಲೀಕರು ನಕ್ಕರು. “ಚಾವಿ ಎಲ್ಲೆರ ಇಟ್ಟು ಮರೀತಾರ್ರಿ ಸರ. ಅದೇ ತ್ರಾಸ.”

ತರಬೇತುದಾರನಿಗೆ ಖುಷಿಯೋ ಖುಷಿ. “ಇದಕ್ಕೇ ನಾನು ಹೇಳೋದು, ಪ್ರತಿ ಸಾಮಾನಿಗೂ ಒಂದು ಜಾಗ ಬೇಕು ಅಂತ,” ಎಂದು ಬರೆದುಕೊಂಡ. ಬೀಗವನ್ನು ಹೋಗಿ ನೋಡಲೂ ಇಲ್ಲ.

ಆ ವಾರವೇ ಆಫೀಸಿನ ಗೋಡೆಯ ಮೇಲೆ ಹಳದಿ ಚೌಕ ಮೂಡಿತು. ಅದರೊಳಗೆ ಒಂದು ಮೊಳೆ, ಕೆಳಗೆ ಅಂದವಾದ ಅಕ್ಷರದಲ್ಲಿ ‘ಚಾವಿ’. ಮೊಳೆ ಮಾತ್ರ ಬರಿದು.

“ಚಾವಿ ಎಲ್ರಿ?” ಎಂದು ಮಾಲೀಕರನ್ನು ಕೇಳಿದೆ.

“ಜಾಗ ಮಾಡೀನಲ್ಲ ಬಾಯಿ. ಚಾವಿನೂ ಬರ್ತದ ತಗೋರಿ.”

ಒಂದು ಮಧ್ಯಾಹ್ನ ಅಕ್ಕ ಕೈಯಲ್ಲಿದ್ದ ಪಾಕೀಟು ಕೆಳಗಿಟ್ಟಳು. “ಇವತ್ತ ನಾ ಹೊಲಕ್ಕ ಹೋಗಂಗಿಲ್ಲ,” ಎಂದವಳೇ ಕಬ್ಬಿಣದ ಸಲಾಕಿ ತೆಗೆದುಕೊಂಡು ಹೋಗಿ ಬೀಗ ಮುರಿದಳು. ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಏನೋ ಒತ್ತಿ ನಿಂತಿತ್ತು. ನಾವೆಲ್ಲ ಸೇರಿ ದೂಡಿದೆವು.

ಕೆಂಪು ಚೀಟಿಯ ಸಾಮಾನೆಲ್ಲ ಅಲ್ಲಿತ್ತು. ಸೂರಿನವರೆಗೆ ಒಟ್ಟಿದ್ದರು. ಮೆಣಸಿನಕಾಯಿ ಕೊಳೆತು ಚೀಲದಿಂದ ಕಪ್ಪು ನೀರು ಇಳಿದಿತ್ತು. ಕೂರುವ ಜಾಗದಲ್ಲಿ ಒಂದು ಇಲಿ ಸತ್ತು ಉಬ್ಬಿ ಹುಳು ಬಿದ್ದಿತ್ತು. ಆ ವಾಸನೆಗೆ ನಾನು ಹೊಸ್ತಿಲಲ್ಲೇ ವಾಂತಿ ಮಾಡಿಕೊಂಡೆ. ಇಷ್ಟು ದಿನ ಕಾರ್ಖಾನೆಯ ಆ ನುಣ್ಣನೆಯ ನೆಲದ ಚೊಕ್ಕಟವೆಲ್ಲ ಇದರ ಮೇಲೆ ನಿಂತಿತ್ತು.

ಸೆರಗಿನಿಂದ ಮೂಗು ಕಟ್ಟಿಕೊಂಡು ಒಂದೊಂದನ್ನೇ ಎಳೆದು ಹಳದಿ ಗೆರೆಗಳ ನಡುವೆ ಹಾಕಿದೆವು. ಮಾಲೀಕರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬಂದರು.

“ಇಲ್ಲಿ ಯಾಕ ಹರವೀರಿ? ನಾಳೆ ಹೈದರಾಬಾದಿನವ್ರು ಬರೋರದಾರ.”

“ಬ್ಯಾಡಾದ್ದು ಹೊರಗ ಹಾಕ್ರಿ ಅಂತ ನೀವು ಕರೆಸಿದ ಸರೇ ಹೇಳ್ಯಾರ. ಹಾಕಾಕತ್ತೀವಿ,” ಎಂದಳು ಅಕ್ಕ.

ಅವರು ಇಲಿಯನ್ನು ನೋಡಿದರು, ಚೀಲಗಳನ್ನೂ ನೋಡಿದರು. “ಮಿರ್ಚಿ ಒಂದು ಕಡಿಗಿ ಇಡ್ರಿ. ಬಿಸಲಿಗಿ ಹಾಕಿದ್ರ ನಡೀತದ,” ಎಂದರು.

ಅಕ್ಕ ನೆಲ ತೊಳೆಯಲು ಇಟ್ಟಿದ್ದ ಫಿನಾಯಿಲ್ ಡಬ್ಬಿ ಎತ್ತಿ ಆ ಚೀಲಗಳ ಮೇಲೆ ಪೂರ್ತಿ ಸುರಿದಳು. ಇನ್ನು ಆ ಮೆಣಸಿನಕಾಯಿಯನ್ನು ಬೀಸಿ ಮಾರುವಂತಿರಲಿಲ್ಲ. ಮಾಲೀಕರು ಮುಖ ಗಂಟಿಕ್ಕಿಕೊಂಡು ಹೋಗಿ ಟ್ರ್ಯಾಕ್ಟರ್ ಕರೆಸಿದರು. ಮರುದಿನವೇ ಹೈದರಾಬಾದಿನವರು ಬರುವುದಿದ್ದರಿಂದ ನಮ್ಮನ್ನು ಕೆಲಸದಿಂದ ತೆಗೆಯುವಂತೆಯೂ ಇರಲಿಲ್ಲ. ಸಂಜೆಯವರೆಗೆ ನಾವೇ ಉಜ್ಜಿ ತೊಳೆದೆವು. ಅಂದಿನಿಂದ ಸಂಡಾಸು ತೆರೆದೇ ಇದೆ. ಹೆಂಗಸರು ಈಗ ನೀರು ಕುಡಿಯುತ್ತಾರೆ.

ಆದರೆ ನಾವು ಎಳೆದು ಹಾಕುವಾಗ, ತೊಳೆಯುವಾಗ ಮಾಲೀಕರು ಫೋಟೊ ತೆಗೆದಿದ್ದರಂತೆ. ಬಾಗಿಲ ಬಳಿಯ ಹಲಗೆಯಲ್ಲಿ ಈಗ ಎರಡು ಚಿತ್ರಗಳಿವೆ, ಮೊದಲು ಮತ್ತು ನಂತರ. ಮೇಲೆ ‘ಮಾಲೀಕರ ನೇತೃತ್ವದಲ್ಲಿ ಸ್ವಚ್ಛತೆ’ ಎಂದು ಬರೆದಿದೆ. ಒಂದರಲ್ಲಿ ಪೊರಕೆ ಹಿಡಿದು ಬಗ್ಗಿದವಳು ನಾನು, ಮುಖ ಕತ್ತರಿಸಿದ್ದಾರೆ. ಬಂದವರೆಲ್ಲ ಅದರ ಮುಂದೆ ನಿಂತು ಮಾಲೀಕರ ಕೈ ಕುಲುಕುತ್ತಾರೆ.

ಕೆಲಸ ಬಿಟ್ಟಿಲ್ಲ, ಬಿಡುವ ಸ್ಥಿತಿಯೂ ಇಲ್ಲ. ನೆರೆಮನೆಯವರು ಮಾತ್ರ ಕೇಳುತ್ತಲೇ ಇರುತ್ತಾರೆ, “ನಿಮ್ಮ ಕಾರ್ಖಾನಿ ಖಾರ ಒಂದೆರಡು ಪಾಕೀಟು ತರ್ರಿ ಬಾಯಿ.” ಬಸ್ಸಿನಲ್ಲಿ ಮರೆತೆ ಎಂದು ಹೇಳಿ, ಸಂತೆಯ ಮೆಣಸಿನಕಾಯಿ ಮನೆಯಲ್ಲೇ ಕುಟ್ಟಿಕೊಳ್ಳುತ್ತೇನೆ.