ಅರ್ಧ ಸ್ವರ ಕೆಳಗೆ

ಬಾಗಿಲಿಗೆ ‘ಪರೀಕ್ಷೆ ನಡೆಯುತ್ತಿದೆ, ಒಳಗೆ ಬರಬೇಡಿ’ ಎಂಬ ಹಲಗೆ ತೂಗುಹಾಕಿದ್ದರು. ಒಳಗೆ ಪುಟ್ಟಿ; ಹೊರಗಿನ ಬೆಂಚಿನ ಮೇಲೆ ಪಿಯಾನೋ ಮಿಸ್ಸು, ಪಕ್ಕದಲ್ಲಿ ಪುಟ್ಟಿಯ ಅಮ್ಮ. ಇಬ್ಬರೂ ಬಾಗಿಲಿಗೇ ಕಿವಿಗೊಟ್ಟು ಕೂತಿದ್ದರು.

ಶಾಲೆಗೆ ಹೋಗದೆ ಮನೆಯಲ್ಲೇ ಓದುವ ಮಕ್ಕಳಿಗೆ, ಅವರವರ ಮನೆಗೇ ಹೋಗಿ, ಅಲ್ಲಿರುವ ಪಿಯಾನೋದಲ್ಲೇ ಪಾಠ ಹೇಳುವುದು ಮಿಸ್ಸಿನ ಕಸುಬು. ಅಡುಗೆಮನೆಯ ಮೇಜಿನಲ್ಲಿ ಗಣಿತ ಮುಗಿಸಿ ಬಂದ ಮಕ್ಕಳ ಬೆರಳಲ್ಲಿ ಪೆನ್ಸಿಲ್ಲಿನ ಮಸಿ ಇರುತ್ತಿತ್ತು. ಮೊದಲು ಕೈ ತೊಳೆಸಿ, ಆಮೇಲೆ ಪಿಯಾನೋದ ಮುಚ್ಚಳ ತೆಗೆಯುತ್ತಿದ್ದರು.

ಪುಟ್ಟಿ ಶಾಲೆಯಲ್ಲಿದ್ದಷ್ಟು ಕಾಲವೂ ತುಟಿ ಪಿಟಕ್ಕೆಂದವಳಲ್ಲ. ಮನೆಪಾಠ ಶುರುವಾದ ಮೇಲೆ ಅರಳು ಹುರಿದಂತೆ ಮಾತು. ಆದರೆ ಶಿಕ್ಷಣ ಕಚೇರಿಯವರು, ಯಾವುದಾದರೂ ಒಂದು ವಿಷಯದಲ್ಲಿ ಹೊರಗಿನ ಪರೀಕ್ಷೆ ಪಾಸಾಗಲೇಬೇಕು, ಇಲ್ಲವಾದರೆ ಮತ್ತೆ ಅದೇ ಶಾಲೆ ಎಂದು ಖಂಡತುಂಡವಾಗಿ ಹೇಳಿದ್ದರು. ಪಿಯಾನೋ ಆದರೆ ಸಲೀಸು ಎಂದು ಆರಿಸಿದ್ದು ಅಮ್ಮನೇ.

ಒಳಗಿನಿಂದ ಮೊದಲ ಸ್ವರ ಕೇಳಿತು. ನಿಂತಿತು. ಮತ್ತೆ ಶುರುವಾಯಿತು, ಈ ಸಲ ಒಂದು ಕೀ ಎಡಕ್ಕೆ. ಬಿಳಿ ಕೀಗಳ ಮೇಲೆ ನಡೆಯಬೇಕಿದ್ದ ಬೆರಳುಗಳು ಕಪ್ಪು ಕೀಗಳಿಗೆ ಎಡವಿ, ಪಾತ್ರೆಗಳ ರಾಶಿ ಉರುಳಿದ ಹಾಗೆ ಸದ್ದಾಯಿತು.

“ಏನ್ ಮಿಸ್ ಇದು? ನಿದ್ದೇಲಿ ಎಬ್ಬಿಸಿದ್ರೂ ನುಡಿಸ್ತಿದ್ಲು!” ಎಂದರು ಅಮ್ಮ.

ಏಕೆಂದು ಮಿಸ್ಸಿಗೆ ಆಗ ಹೊಳೆಯಿತು. ಪುಟ್ಟಿಯ ಮನೆಯ ಪಿಯಾನೋ ಮುದಿ. ಪೂರ್ತಿ ಬಿಗಿದರೆ ತಂತಿ ಹರಿಯುತ್ತದೆಂದು ಶ್ರುತಿ ಮಾಡುವವನು ಎಲ್ಲ ತಂತಿಗಳನ್ನೂ ಅರ್ಧ ಸ್ವರ, ಅಂದರೆ ಒಂದು ಕೀಯಷ್ಟು, ಇಳಿಸಿದ್ದ. ಎಲ್ಲವೂ ಸಮನಾಗಿ ಇಳಿದರೆ ಹಾಡಿಗೇನೂ ಆಗದು ಎಂದು ಮಿಸ್ಸೂ ಒಪ್ಪಿದ್ದರು. ಲೆಕ್ಕ ಸರಿಯೇ. ಆದರೆ ಪುಟ್ಟಿ ಬೇರೆ ಪಿಯಾನೋವನ್ನೇ ಕಂಡವಳಲ್ಲ. ಒಂದೊಂದು ಕೀಯ ದನಿಯನ್ನೂ ಅವಳ ಕಿವಿ ಮನೆಯವರ ದನಿಯಂತೆ ಗುರುತಿಟ್ಟುಕೊಂಡಿತ್ತು. ಈಗ ಸರಿಯಾದ ಪಿಯಾನೋ ಅವಳಿಗೆ ತಪ್ಪಾಗಿ ಕೇಳುತ್ತಿತ್ತು.

ಮಿಸ್ಸು ಬಾಗಿಲು ತಳ್ಳಿದರು.

“ಹಲಗೆ ಓದೋಕೆ ಬರಲ್ವಾ ನಿಮಗೆ?” ಪರೀಕ್ಷಕರು ಕನ್ನಡಕ ಕೆಳಗಿಳಿಸಿ ಗದರಿದರು.

“ಬರತ್ತೆ ಸಾರ್. ತಪ್ಪು ನಂದು, ಮಗೂದಲ್ಲ. ಒಂದು ನಿಮಿಷ ಕೇಳಿ.”

ಅವರು ಕೇಳಿದರು, ನಂಬಲಿಲ್ಲ. ಪುಟ್ಟಿಯನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಒಂದು ಕೀ ಒತ್ತಿದರು. ಅವಳು ಅದರ ಬಲಗಡೆಯ ಕೀಯ ಹೆಸರು ಹೇಳಿದಳು. ಇನ್ನೊಂದು ಒತ್ತಿದರು. ಮತ್ತೆ ಬಲಗಡೆಯದ್ದೇ. ಎಲ್ಲಿ ಒತ್ತಿದರೂ ಅಷ್ಟೇ.

“ಭಲೇ ಕಿವಿ,” ಎಂದರು ಪರೀಕ್ಷಕರು. “ಆದ್ರೆ ನಿಯಮ ನಿಯಮಾನೇ. ಪುಸ್ತಕದಲ್ಲಿರೋ ಕೀ ಮೇಲೇ ನುಡಿಸ್ಬೇಕು. ಇನ್ನೊಂದೇ ಅವಕಾಶ ಕೊಡ್ತೀನಿ.”

ಪುಟ್ಟಿ ಮಿಸ್ಸಿನ ಕೈ ಹಿಡಿದೆಳೆದಳು. “ಬೆರಳಿಗೆ ಗೊತ್ತು ಮಿಸ್. ಕಿವಿ ಬಿಡಲ್ಲ ಅನ್ನತ್ತೆ.”

“ಕಿವಿ ನಾನ್ ಹಿಡ್ಕೋತೀನಿ, ಬಾ.”

ಪರೀಕ್ಷಕರು ಬೇಡವೆನ್ನಲಿಲ್ಲ. ಮಿಸ್ಸು ಹಿಂದೆ ನಿಂತು ಎರಡೂ ಅಂಗೈಗಳಿಂದ ಅವಳ ಕಿವಿಗಳನ್ನು ಒತ್ತಿ ಮುಚ್ಚಿದರು. ಸದ್ದು ಪೂರ್ತಿ ನಿಲ್ಲುವುದಿಲ್ಲ, ಮಸುಕಾಗುತ್ತದೆ, ಅಷ್ಟೇ. ಹಾಡು ಹೊರಟಿತು. ಮಧ್ಯದಲ್ಲೊಮ್ಮೆ ಪುಟ್ಟಿಯ ಎಡಗೈ ಹಿಂಜರಿಯಿತು. ಅವಳ ದವಡೆ ಬಿಗಿಯಾದದ್ದು ಮಿಸ್ಸಿನ ಅಂಗೈಗೆ ತಿಳಿಯಿತು. ಮಾತಾಡುವಂತಿಲ್ಲ. ಇನ್ನಷ್ಟು ಒತ್ತಿದರು. ಬೆರಳುಗಳು ಮುಂದೆ ಹೋದವು, ಕೊನೆಯವರೆಗೂ.

“ಗಡಿಯಾರ ನುಡಿದ ಹಾಗಿತ್ತು, ಜೀವ ಇಲ್ಲ,” ಎಂದು ಗೊಣಗುತ್ತಾ ಪರೀಕ್ಷಕರು ಸಹಿ ಹಾಕಿದರು. “ತಪ್ಪೂ ಇಲ್ಲ. ಪಾಸು.”

ಕಾರಿಡಾರಿನಲ್ಲಿ ಅಮ್ಮ ಅಳುತ್ತಾ ನಗುತ್ತಾ ಮಗಳನ್ನು ಎತ್ತಿಕೊಂಡರು.

ಪುಟ್ಟಿ ಮಿಸ್ಸಿನತ್ತ ತಿರುಗಿದಳು. “ಹಾಗಾದ್ರೆ ನಮ್ಮನೆ ಪಿಯಾನೋ ಸುಳ್ಳು ಹೇಳತ್ತಾ ಮಿಸ್?”

“ಸುಳ್ಳಲ್ಲ ಕಣೇ, ಅದಕ್ಕೆ ವಯಸ್ಸಾಗಿದೆ. ನಾಳೆಯಿಂದ ಬೇರೆ ಪಿಯಾನೋಗಳ ಹತ್ರಾನೂ ಹೋಗಿ ಮಾತಾಡಿಸ್ಕೊಂಡು ಬರೋಣ.”