ಬೂಷ್ಟಿನ ಮ್ಯಾಲೆ ಹನುಮಪ್ಪ

ಹೇಳ್ರಿ ದೋಸ್ತರ, ಮನಿ ಮಾಲಕ ಮುಂಜಾನೆ ಸುತ್ತಗಿ, ಮೊಳಿ ಹಿಡ್ಕೊಂಡು ಬಂದ್ರ ಏನು ತಿಳಕೋಬೇಕು? ಗೋಡಿ ರಿಪೇರಿಗೆ ಬಂದಾನಂತ ನಾನು ಚಾಕ್ಕ ಇಟ್ಟೆ.

ರಾಯಚೂರಾಗ ಕಲ್ಲೂ ಒಣಗೋ ಬಿಸಲು. ನಮ್ಮ ಮಲಗೋ ಖೋಲಿ ಗೋಡಿ ಮಾತ್ರ, ಮ್ಯಾಲಿನ ಟ್ಯಾಂಕ್ ಸೋರಿ ಸೋರಿ, ವರ್ಷದಿಂದ ಕರ್ರಗ ಬೂಷ್ಟು ಹಿಡದದ. ಮಗಳಿಗೆ ದಮ್ಮು ಹತ್ತಿ, ಈ ತಿಂಗಳು ಮನಿ ಬಿಡಾಕತ್ತೀವಿ.

ಮಾಲಕ ಆ ಬೂಷ್ಟಿನ ಮ್ಯಾಲೇ ಹನುಮಪ್ಪನ ಫೋಟೋ ಹಾಕಿದ. “ಮನಿಯಾಗ ದೇವ್ರಿದ್ರ ಛಲೋ ನೋಡವ್ವ” ಅಂದ. ಅರ್ಧ ತಾಸಿಗೆ ದೇವದುರ್ಗದ ಗಂಡ ಹೆಂಡ್ತಿ ಬಾಡಿಗಿ ಮನಿ ನೋಡಾಕ ಬಂದ್ರು. ಆಕಿ ಬಗಲಾಗ ಕೂಸು. ಇಬ್ರೂ ಫೋಟೋಕ್ಕ ಕೈ ಮುಗದ್ರು. ದೇವರ ಹಿಂದ ಯಾರು ಹಣಿಕಿ ಹಾಕ್ತಾರ್ರಿ?

ನನಗ ಮೈಯೆಲ್ಲಾ ಉರೀತು. ಕೈಕಾಲು ತೊಳಕೊಂಡು ಬಂದು, “ತಪ್ಪಾಯ್ತಪ್ಪ ಹನುಮಪ್ಪ” ಅಂತ ಫೋಟೋ ಇಳಿಸಿದೆ. ಆಕಿ ಗೋಡಿ ನೋಡಿದ್ದೇ ತಡ, ಕೂಸಿನ ಮೂಗಿಗೆ ಸೆರಗು ಹಿಡದಳು.

“ದೇವರ ಫೋಟೋ ತೆಗಿತೀಯಲ್ಲ, ಪಾಪ ತಟ್ಟತದ ನಿನಗ!” ಅಂತ ಮಾಲಕ ಒದರಿದ.

“ತಟ್ಟಲಿ ಬಿಡ್ರಿ. ಹನುಮಪ್ಪನ್ನ ಹಸಿ ಗೋಡಿಗೆ ನಿಲ್ಲಿಸಿ ಸುಳ್ಳು ಹೇಳಿಸಿದವ್ರು ನೀವು. ಮೊದಲು ನಿಮಗ ತಟ್ಟಿ, ಆಮ್ಯಾಲೆ ನನ್ನ ಕಡಿ ಬರಲಿ” ಅಂದೆ.

ಬಂದವ್ರು ಚಾನೂ ಕುಡಿಲಾರದ ಹೋದ್ರು.

ಈಗ ಸಂಜಿಕ ಮಾಲಕ ಮತ್ತ ಬಂದಾನ, ಇನ್ನೊಂದು ಹನುಮಪ್ಪನ ಫೋಟೋ ತಗೊಂಡು. ಇದು ಮೊದಲಿನಕ್ಕಿಂತ ದುಪ್ಪಟ್ಟು ದೊಡ್ಡದು. ಟ್ಯಾಂಕ್ ಹಂಗೇ ಸೋರಾಕತ್ತದ. ಬೂಷ್ಟು ಬೆಳದಂಗೆಲ್ಲಾ ನಮ್ಮ ಮಾಲಕನ ಭಕ್ತಿನೂ ಬೆಳ್ಯಾಕತ್ತದ ನೋಡ್ರಿ.